ಲೆಕ್ಕವಿಲ್ಲದ ಗೋಲುಗಳು

ಆಟ ಮುಗಿಸಿ ಮನೆಗೆ ಬಂದ ಮಗುವನ್ನು ಹಿರಿಯರು ಕೇಳುವ ಮೊದಲ ಪ್ರಶ್ನೆ ಯಾವುದು? ಬಟ್ಟೆಯ ಕೆಸರನ್ನು ಕಂಡು ತಾಯಿ ಗದರಿಸಿಯಾಳು. ಅಜ್ಜಿ ಕೈಕಾಲು ತೊಳೆದು ಬಾ ಎಂದಾಳು. ತಂದೆ ಮಾತ್ರ ತಪ್ಪದೆ ಕೇಳುವುದು ಒಂದೇ: “ಗೆದ್ದೆಯೋ, ಸೋತೆಯೋ?”

ಲೋಕದ ಯಾವ ಮೂಲೆಗೆ ಹೋದರೂ ಈ ಪ್ರಶ್ನೆ ತಪ್ಪಿದ್ದಲ್ಲ. ಆದರೆ ಯೂರೋಪಿನ ಉತ್ತರದ ತುದಿಯಲ್ಲಿರುವ ನಾರ್ವೆ ದೇಶದಲ್ಲಿ, ಏಳು ವರ್ಷದ ಬಾಲಕನ ಕಾಲ್ಚೆಂಡಿನ ತಂಡ ಈ ಋತುವಿನಲ್ಲಿ ಎಷ್ಟನೆಯ ಸ್ಥಾನದಲ್ಲಿದೆ ಎಂದು ತಿಳಿಯಬಯಸುವ ತಂದೆಗೆ ಉತ್ತರ ಸಿಕ್ಕುವುದಿಲ್ಲ. ಅಂಥ ಪಟ್ಟಿಯೇ ಅಲ್ಲಿ ಇಲ್ಲ. ಅದನ್ನು ಬರೆದು ಪ್ರಕಟಿಸುವುದು ನಿಯಮಕ್ಕೆ ವಿರುದ್ಧ.

ಇದಕ್ಕಿಂತಲೂ ಸೋಜಿಗದ ಸಂಗತಿ ಇನ್ನೊಂದಿದೆ. ಆ ಬಾಲಕನು ಓಡಾಡುವ ಮೈದಾನಕ್ಕೂ ಅವನನ್ನು ಸೇರಿಸಿಕೊಂಡ ಸಂಘಕ್ಕೂ ಹಣದ ಒಂದು ಪಾಲು ಒದಗುವುದು ಎಲ್ಲಿಂದ? ದೊಡ್ಡವರು ಗೋಲುಗಳ ಲೆಕ್ಕದ ಮೇಲೂ ಅದೃಷ್ಟದ ಅಂಕಿಗಳ ಮೇಲೂ ಕಟ್ಟುವ ಪಣದಿಂದ! ಹಿರಿಯರ ಲೆಕ್ಕಾಚಾರದಿಂದ ಹುಟ್ಟಿದ ಹಣವು ಕಿರಿಯರ ಗೆಲುವು ಸೋಲನ್ನು ಪಟ್ಟಿಮಾಡಬೇಡಿರೆಂಬ ಕಟ್ಟಳೆಗೆ ಬೆಂಬಲವಾಗಿ ನಿಂತಿರುವ ಈ ವಿಚಿತ್ರ ವ್ಯವಸ್ಥೆ ಮಕ್ಕಳಿರುವ ಪ್ರತಿಯೊಂದು ಮನೆಯವರೂ ಅರಿಯತಕ್ಕದ್ದು.

ಪಣದಿಂದ ಬಂದ ಮೈದಾನ

ಎರಡನೆಯ ಮಹಾಯುದ್ಧದಲ್ಲಿ ಐದು ವರ್ಷ ಜರ್ಮನರ ವಶದಲ್ಲಿದ್ದು ನರಳಿದ ನಾರ್ವೆಗೆ 1945ರಲ್ಲಿ ಬಿಡುಗಡೆಯಾಯಿತು. ಮರುವರ್ಷವೇ, ಎಂದರೆ 1946ರಲ್ಲಿ, ಫುಟ್ಬಾಲ್ ಪಂದ್ಯಗಳ ಫಲಿತಾಂಶದ ಮೇಲೆ ಜನರು ಪಣ ಕಟ್ಟಲು ಅವಕಾಶ ಕೊಡುವ ನೊರ್ಸ್ಕ್ ಟಿಪ್ಪಿಂಗ್ ಎಂಬ ಸಂಸ್ಥೆಯನ್ನು ಸ್ಥಾಪಿಸಲಾಯಿತು. ಮೊದಲ ಚೀಟಿ ಹೊರಬಿದ್ದುದು 1948ರ ಏಪ್ರಿಲ್ 18ರಂದು. ಜನ ಹೇಗಿದ್ದರೂ ಪಣ ಕಟ್ಟುವವರೇ. ಆ ಲಾಭ ಖಾಸಗಿಯವರ ಪೆಟ್ಟಿಗೆ ಸೇರುವುದಕ್ಕಿಂತ ಊರಿನ ಹಿತಕ್ಕೆ ಸಂದರೆ ಮೇಲಲ್ಲವೆ ಎಂಬುದು ಈ ಏರ್ಪಾಡಿನ ಹಿಂದಿನ ತರ್ಕ.

ಇಂದು ಆ ಸಂಸ್ಥೆ ಸಂಪೂರ್ಣವಾಗಿ ಸರಕಾರದ್ದು. ಹಂಚಿಕೆಯಾಗುವ ಲಾಭದಲ್ಲಿ ಶೇಕಡಾ 64 ಪಾಲು ಕ್ರೀಡೆಗೆ. ಶೇಕಡಾ 18 ಸಂಸ್ಕೃತಿಗೆ. ಉಳಿದ 18 ಸಮಾಜಸೇವೆಗೆ. ಈ ಪ್ರಮಾಣ ಜಾರಿಗೆ ಬಂದುದು 2015ರಲ್ಲಿ. ಊರಿನಲ್ಲೊಂದು ಮೈದಾನ ಕಟ್ಟಿದರೆ ವೆಚ್ಚದ ಮೂರನೆಯ ಒಂದು ಪಾಲಿನವರೆಗೆ ಈ ನಿಧಿಯಿಂದ ದೊರೆಯುವುದುಂಟು. ಆರರಿಂದ ಹತ್ತೊಂಬತ್ತು ವರ್ಷದವರ ಚಟುವಟಿಕೆಗಾಗಿ ಸ್ಥಳೀಯ ಸಂಘಗಳಿಗೆ ಪ್ರತ್ಯೇಕ ಅನುದಾನವೂ ಉಂಟು.

2009ರಲ್ಲಿ ಇನ್ನೊಂದು ಜಾಣತನದ ಏರ್ಪಾಡು ಸೇರಿಕೊಂಡಿತು. ಪಣ ಕಟ್ಟುವವನು ತನಗೆ ಬೇಕಾದ ಒಂದು ಸ್ಥಳೀಯ ಸಂಘದ ಹೆಸರನ್ನು ಸೂಚಿಸಬಹುದು. ಅವನು ಕಟ್ಟಿದ ಮೊತ್ತದ ಶೇಕಡಾ 5ರಷ್ಟನ್ನು ಸಂಸ್ಥೆಯೇ ಆ ಸಂಘಕ್ಕೆ ಕಳುಹಿಸುವುದು. 2019ರಲ್ಲಿ ಇದು ಶೇಕಡಾ 7ಕ್ಕೆ ಏರಿತು. ಅವನ ಗೆಲುವಿನಲ್ಲಿ ಇದರಿಂದ ಬಿಡಿಕಾಸೂ ಕಡಿಮೆಯಾಗದು. ತಾನು ಸೋತರೂ ಬೀದಿಯ ಹುಡುಗರಿಗೆ ಹೊಸ ಚೆಂಡು ಬಂದೀತೆಂಬ ಸಮಾಧಾನ ಅವನಿಗೆ!

ಜೂಜಿನ ಹಣದಿಂದ ಮಕ್ಕಳನ್ನು ಆಡಿಸುವುದೆ? ಎಂದು ಓದುಗರಲ್ಲಿ ಕೆಲವರು ಹುಬ್ಬು ಗಂಟಿಕ್ಕಬಹುದು. ಆ ಅಳುಕು ನಾರ್ವೆಯವರಿಗೂ ಇಲ್ಲದಿಲ್ಲ. ಹದಿನೆಂಟು ತುಂಬದವರು ಪಣ ಕಟ್ಟುವಂತಿಲ್ಲ. ಒಬ್ಬನು ಇಂತಿಷ್ಟಕ್ಕಿಂತ ಹೆಚ್ಚು ಕಳೆದುಕೊಳ್ಳದಂತೆ ಮಿತಿಯನ್ನೂ ಹಾಕಿದ್ದಾರೆ. ಆದರೂ ಯಾರೋ ಕಳೆದುಕೊಂಡುದೇ ಇನ್ನಾರದೋ ಮೈದಾನವಾಗುತ್ತದೆಂಬ ಸತ್ಯ ಉಳಿದೇ ಇದೆ.

ಹನ್ನೊಂದರವರೆಗೆ ಪಟ್ಟಿ ಬೇಡ

ಮಕ್ಕಳ ಕ್ರೀಡೆಗೆಂದೇ ಪ್ರತ್ಯೇಕ ಕಟ್ಟಳೆಗಳನ್ನು ನಾರ್ವೆಯ ಕ್ರೀಡಾ ಮಹಾಮಂಡಲವು 1987ರಲ್ಲಿ ರೂಪಿಸಿತು. 2007ರಲ್ಲಿ ‘ಕ್ರೀಡೆಯಲ್ಲಿ ಮಕ್ಕಳ ಹಕ್ಕುಗಳು’ ಎಂಬ ಘೋಷಣೆಯೂ ಅಂಗೀಕೃತವಾಯಿತು. ಇದು ಕಾಲ್ಚೆಂಡಿಗೆ ಮಾತ್ರವಲ್ಲ, ಎಲ್ಲ ಆಟಗಳಿಗೂ ಅನ್ವಯಿಸುವುದು.

ಕಟ್ಟಳೆಗಳ ಸಾರ ಸರಳವಾದುದು. ಮಗುವು ಆರು ತುಂಬುವ ವರ್ಷದಿಂದ ತನ್ನ ಊರಿನ ಪಂದ್ಯಗಳಲ್ಲಿ ಆಡಬಹುದು. ಒಂಬತ್ತು ತುಂಬುವ ವರ್ಷದಿಂದ ಪ್ರಾಂತದ ಪಂದ್ಯಗಳಲ್ಲಿ. ಹನ್ನೊಂದು ತುಂಬುವ ವರ್ಷಕ್ಕೆ ಮೊದಲು ಫಲಿತಾಂಶದ ಪಟ್ಟಿಯಾಗಲಿ, ಸ್ಥಾನಗಳ ಕೋಷ್ಟಕವಾಗಲಿ ಕೂಡದು. ಹದಿಮೂರಕ್ಕೆ ಮೊದಲು ರಾಷ್ಟ್ರದ ಅಥವಾ ಯೂರೋಪಿನ ಚಾಂಪಿಯನ್‌ಷಿಪ್ಪುಗಳ ಸುದ್ದಿಯೇ ಇಲ್ಲ. ಬಹುಮಾನ ಕೊಡುವುದಾದರೆ ಆಡಿದ ಮಕ್ಕಳೆಲ್ಲರಿಗೂ ಕೊಡತಕ್ಕದ್ದು. ಸ್ಪರ್ಧೆಗೆ ಇಳಿಯಬೇಕೆ, ಬೇಡವೆ ಎಂಬುದನ್ನು ಆರಿಸಿಕೊಳ್ಳುವ ಹಕ್ಕೂ ಮಗುವಿನದೇ.

ಹಾಗಾದರೆ ಗೋಲುಗಳನ್ನು ಎಣಿಸುವುದೇ ಇಲ್ಲವೆ? ಎಣಿಸದೆ ಏನು! ಮಕ್ಕಳು ಬೆರಳು ಮಡಿಚಿ ತಾವೇ ಎಣಿಸುತ್ತಾರೆ. ಗೆದ್ದವರು ಕುಣಿಯುತ್ತಾರೆ, ಸೋತವರು ಮುಖ ಸಣ್ಣದು ಮಾಡುತ್ತಾರೆ. ಅದನ್ನು ಯಾರೂ ತಡೆಯುವುದಿಲ್ಲ. ಸಂಜೆಯ ದುಃಖ ರಾತ್ರಿಯ ಊಟದೊಡನೆ ಕರಗಿಹೋಗುತ್ತದೆ. ಕರಗದೆ ನಿಲ್ಲುವುದು ಬರೆದಿಟ್ಟ ಪಟ್ಟಿ. ಕಡೆಯ ಸಾಲಿನಲ್ಲಿ ತನ್ನ ತಂಡದ ಹೆಸರನ್ನು ವಾರವಾರವೂ ಕಾಣುವ ಎಂಟು ವರ್ಷದ ಮಗುವಿಗೆ ಆಟವೆಂದರೆ ಪರೀಕ್ಷೆಯ ಇನ್ನೊಂದು ಹೆಸರಾದೀತು. ಆ ಪಟ್ಟಿಯನ್ನು ಓದಿ ಕೆರಳುವವರೂ ಮಕ್ಕಳಿಗಿಂತ ಹೆಚ್ಚಾಗಿ ಹಿರಿಯರೇ.

ಮೂವರ ಎದುರು ಮೂವರು

2017ರಿಂದ ಆರು ಮತ್ತು ಏಳು ವರ್ಷದವರಿಗೆ ಅಲ್ಲಿ ಮೂವರ ತಂಡ. ಎಂಟು ಒಂಬತ್ತರವರಿಗೆ ಐವರದು. ಬಳಿಕ ಏಳು, ಒಂಬತ್ತು ಎಂದು ಬೆಳೆಯುತ್ತ ಹೋಗಿ, ಹರೆಯಕ್ಕೆ ಕಾಲಿಟ್ಟ ಮೇಲೆ ಹನ್ನೊಂದು ಮಂದಿಯ ಪೂರ್ಣ ಆಟ. ಮೂವರ ಆಟದ ಅಂಗಣ ಸುಮಾರು 15 ಮೀಟರು ಉದ್ದ, 10 ಮೀಟರು ಅಗಲ, ಗೋಲುಕಾವಲುಗಾರನಿಲ್ಲ. ದೊಡ್ಡ ಬಯಲಿನಲ್ಲಿ ಇಪ್ಪತ್ತೆರಡು ಮಕ್ಕಳನ್ನು ಬಿಟ್ಟರೆ ಚುರುಕಾದ ನಾಲ್ವರಿಗೆ ಚೆಂಡು, ಮಿಕ್ಕವರಿಗೆ ಓಟ ಮಾತ್ರ. ಪುಟ್ಟ ಅಂಗಣದಲ್ಲಾದರೋ ಚೆಂಡು ಯಾರ ಕಾಲನ್ನೂ ಬಿಟ್ಟುಹೋಗಲಾರದು.

ಒಂದು ತಂಡ ನಾಲ್ಕು ಗೋಲುಗಳಿಂದ ಹಿಂದೆ ಬಿದ್ದರೆ ಅದು ಇನ್ನೊಬ್ಬ ಆಟಗಾರನನ್ನು ಹೆಚ್ಚಾಗಿ ಇಳಿಸಬಹುದು. ಬೀದಿಯಲ್ಲಿ ಆಡುವ ಹುಡುಗರು “ನಿಮ್ಮ ಕಡೆ ಬಲ ಸಾಲದು, ಇವನನ್ನೂ ತೆಗೆದುಕೊಳ್ಳಿ” ಎಂದು ತಾವೇ ಮಾಡಿಕೊಳ್ಳುವ ನ್ಯಾಯವನ್ನು ಇಲ್ಲಿ ಹಿರಿಯರು ಕಟ್ಟಳೆಯಾಗಿ ಬರೆದಿದ್ದಾರೆ, ಅಷ್ಟೆ. ತಂಡದ ಮಕ್ಕಳೆಲ್ಲರಿಗೂ ಹೆಚ್ಚು ಕಡಿಮೆ ಸಮನಾದ ಆಟದ ಹೊತ್ತು ದೊರೆಯಬೇಕೆಂಬುದೂ ಅಲ್ಲಿನ ಫುಟ್ಬಾಲ್ ಸಂಸ್ಥೆಯ ಸೂತ್ರ.

ಪಂದ್ಯ ನಡೆಯುವಾಗ ತಂದೆತಾಯಿಗಳಲ್ಲೊಬ್ಬರು ಗುರುತಿನ ಅಂಗಿ ತೊಟ್ಟು ಆತಿಥೇಯರಾಗಿ ನಿಲ್ಲುತ್ತಾರೆ. ಗೆರೆಯ ಆಚೆಯಿಂದ ಕೂಗಾಡುವ ತಂದೆಯನ್ನು ನಯವಾಗಿ ಸುಮ್ಮನಾಗಿಸುವುದು ಅವರ ಕೆಲಸ. ಹನ್ನೊಂದು ಆಟಗಾರರನ್ನು ಆಳುವುದಕ್ಕಿಂತ ಇದು ಕಠಿನವಾದುದೆಂದು ಬೇರೆ ಹೇಳಬೇಕಾಗಿಲ್ಲ.

ಕಟ್ಟಳೆಗೆ ಬೆನ್ನೆಲುಬು

ಒಳ್ಳೆಯ ಮಾತನ್ನು ಗೋಡೆಗೆ ಬರೆದು ಮರೆಯುವುದು ಎಲ್ಲ ದೇಶಗಳಲ್ಲಿಯೂ ಉಂಟು. ನಾರ್ವೆಯ ಕಟ್ಟಳೆ ಹಾಗಾಗದಿರಲು ಕಾರಣ ಹಣದ ಚೀಲ. ಸಂಘಗಳು ಮಹಾಮಂಡಲದ ಅಂಗಗಳು. ಸಾರ್ವಜನಿಕ ನಿಧಿ ಹರಿದುಬರುವುದು ಆ ಬಾಂಧವ್ಯದ ಮೂಲಕ. ಮಕ್ಕಳ ಕಟ್ಟಳೆಯನ್ನು ಮುರಿದವರಿಗೆ ಶಿಕ್ಷೆಯುಂಟು. ಸಹಾಯಧನಕ್ಕೇ ಕುತ್ತು ಬಂದೀತು. ಕಪ್ಪು ಹಲಗೆಯ ಮೇಲೆ ಅಂಕ ಬರೆಯುವ ಮುನ್ನ ಸಂಘದ ಖಜಾಂಚಿಯೇ ಕೈಹಿಡಿದಾನು!

ಹೀಗೆ ಬೆಳೆಸಿದರೆ ಮಕ್ಕಳು ಮೆತ್ತಗಾಗುವುದಿಲ್ಲವೆ, ಬದುಕಿನಲ್ಲಿ ಸೋಲು ಗೆಲುವು ಇದ್ದದ್ದೇ ಅಲ್ಲವೆ ಎಂದು ವಾದಿಸುವವರುಂಟು. ಅವರಿಗೆ ನಾರ್ವೆಯವರು ಸುಮ್ಮನೆ ತೋರಿಸುವುದು ಎರ್ಲಿಂಗ್ ಹಾಲಂಡ್‌ನನ್ನು. 2000ದಲ್ಲಿ ಜನಿಸಿದ ಈತನು ಆಡಿ ಬೆಳೆದುದು ಬ್ರೂನೆ ಎಂಬ ಚಿಕ್ಕ ಪಟ್ಟಣದ ಸಂಘದಲ್ಲಿ. ಜಾಣರು, ಸಾಧಾರಣರು ಎಂದು ಬೇರ್ಪಡಿಸದೆ ಸುಮಾರು ನಲವತ್ತು ಮಕ್ಕಳನ್ನು ಒಟ್ಟಿಗೆ ಬೆಳೆಸಿದ ಗುಂಪಿನಲ್ಲಿ. ಅದೇ ಬಾಲಕನು ಮ್ಯಾಂಚೆಸ್ಟರ್ ಸಿಟಿ ತಂಡದ ಪರವಾಗಿ 2022–23ರ ಋತುವಿನಲ್ಲಿ 36 ಗೋಲು ಹೊಡೆದು ಇಂಗ್ಲೆಂಡಿನ ಪ್ರೀಮಿಯರ್ ಲೀಗಿನ ದಾಖಲೆಯನ್ನು ಮುರಿದನು. 2025ರ ನವೆಂಬರಿನಲ್ಲಿ ನಾರ್ವೆಯ ಪುರುಷರ ತಂಡ, 1998ರ ತರುವಾಯ ಮೊದಲ ಬಾರಿಗೆ, ವಿಶ್ವಕಪ್ಪಿಗೆ ಅರ್ಹತೆ ಗಳಿಸಿತು.

ಒಬ್ಬ ಹಾಲಂಡ್‌ನಿಂದ ಒಂದು ಸಿದ್ಧಾಂತವನ್ನು ಸಾಧಿಸಲಾಗದು, ನಿಜ. ಆದರೆ ಹತ್ತರೊಳಗೆ ಪಟ್ಟಿ ಕಟ್ಟದಿದ್ದರೆ ಪ್ರತಿಭೆ ಬಾಡಿಹೋಗುವುದೆಂಬ ಭಯ ಹುಸಿಯೆಂದು ಹೇಳಲು ಇಷ್ಟು ಸಾಕು. ಏಳು ವರ್ಷದ ಮಗುವಿನಲ್ಲಿ ಮುಂದಿನ ವೀರನನ್ನು ಆರಿಸಹೊರಡುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ.

ಇನ್ನೊಂದು ಬಾಗಿಲು

ಇಷ್ಟಾದರೂ ನಾರ್ವೆಯಲ್ಲಿ ಎಲ್ಲವೂ ಸುಖಾಂತವಲ್ಲ. ಪಣದ ನಿಧಿಯೊಂದೇ ಸಂಘವನ್ನು ನಡೆಸಲಾರದು. ಸದಸ್ಯತ್ವದ ವಂತಿಗೆ, ತರಬೇತಿಯ ಶುಲ್ಕ, ದೂರದ ಪಂದ್ಯಗಳ ಪ್ರಯಾಣ, ಬೂಟು, ಬಟ್ಟೆ ಎಲ್ಲವೂ ಮನೆಯವರ ತಲೆಗೆ ಬರುತ್ತವೆ. ಕೊರತೆಯನ್ನು ತುಂಬಲು ‘ದುಗ್ನಾಡ್’ ಎಂಬ ಪದ್ಧತಿಯುಂಟು. ನಮ್ಮ ಹಳ್ಳಿಗಳ ಮುಯ್ಯಾಳನ್ನು ನೆನಪಿಗೆ ತರುವ, ಕೂಲಿಯಿಲ್ಲದೆ ಕೂಡಿ ದುಡಿಯುವ ಸಂಪ್ರದಾಯವದು. ತಾಯಂದಿರು ಸಿಹಿದೋಸೆಯಂಥ ವಾಫಲ್ ಸುಟ್ಟು ಮಾರುತ್ತಾರೆ. ತಂದೆಗಳು ಹಳೆಯ ಸಾಮಾನಿನ ಸಂತೆ ಹೂಡುತ್ತಾರೆ. ಬಿಡುವಿರುವ ಮನೆಯವರಿಗೆ ಇದು ಹಬ್ಬ. ಎರಡು ಪಾಳಿ ದುಡಿಯುವ ಒಂಟಿ ತಾಯಿಗೆ?

ಮಗುವನ್ನು ಪಟ್ಟಿಯ ತಳಕ್ಕೆ ತಳ್ಳದ ಸಂಘವು ಶುಲ್ಕದ ಚೀಟಿಯಿಂದ ಅದನ್ನು ಬಾಗಿಲಾಚೆಗೇ ನಿಲ್ಲಿಸಿದರೆ ಫಲವೇನು? ಈ ಚಿಂತೆಯಿಂದಲೇ 2016ರಲ್ಲಿ ಅಲ್ಲಿನ ಸರಕಾರವೂ ಸ್ಥಳೀಯ ಆಡಳಿತಗಳೂ ಸ್ವಯಂಸೇವಾ ಸಂಘಗಳೂ ಒಂದು ಘೋಷಣೆಗೆ ಸಹಿ ಹಾಕಿದವು: ತಂದೆತಾಯಿಗಳ ಆದಾಯ ಎಷ್ಟೇ ಇರಲಿ, ಪ್ರತಿ ಮಗುವಿಗೂ ಬಿಡುವಿನ ವೇಳೆಯ ಒಂದಾದರೂ ಚಟುವಟಿಕೆಯಲ್ಲಿ ಭಾಗವಹಿಸಲು ಸಾಧ್ಯವಾಗಬೇಕು. ಗ್ರಂಥಾಲಯದಿಂದ ಪುಸ್ತಕ ತರುವಂತೆ ಆಟದ ಸಾಮಗ್ರಿಯನ್ನು ಉಚಿತವಾಗಿ ಎರವಲು ಕೊಡುವ ಕೇಂದ್ರಗಳೂ ಏರ್ಪಟ್ಟಿವೆ. ಘೋಷಣೆ ಸುಲಭ, ಪ್ರತಿ ಋತುವಿನ ಆರಂಭದಲ್ಲಿ ಶುಲ್ಕದ ಕಾಗದ ಮನೆಗೆ ಬಂದಾಗಲೇ ಅದರ ನಿಜವಾದ ಪರೀಕ್ಷೆ.

ಗೋಲಿನ ಲೆಕ್ಕ, ಹಣದ ಲೆಕ್ಕ ಎರಡೂ ಕೊನೆಗೆ ಒಂದೇ ಪ್ರಶ್ನೆಗೆ ಬಂದು ಸೇರುತ್ತವೆ: ಆಡುವ ಮಕ್ಕಳ ಸಾಲಿನಲ್ಲಿ ಯಾರು ಉಳಿಯುತ್ತಾರೆ, ಯಾರು ಹೊರಬೀಳುತ್ತಾರೆ? ಈ ಸಂಜೆ ನಿಮ್ಮ ಮನೆಯ ಬಾಲಕನೋ ಬಾಲಕಿಯೋ ಧೂಳು ಮೆತ್ತಿಕೊಂಡು ಹೊಸಿಲು ದಾಟಿ ಬಂದಾಗ, ಗೆದ್ದೆಯೋ ಸೋತೆಯೋ ಎಂಬುದನ್ನು ಒಂದು ದಿನದ ಮಟ್ಟಿಗೆ ಬದಿಗಿಟ್ಟು ಕೇಳಿ ನೋಡಿ: “ನಾಳೆಯೂ ಆಡಲು ಹೋಗುವೆಯಾ?” ಕಣ್ಣರಳಿಸಿ ಮಗು ಹೂಂಗುಟ್ಟಿದರೆ, ಅಂದಿನ ಆಟ ಗೆದ್ದಂತೆಯೇ ಸರಿ.