ಸ್ಪೆಕ್ಟ್ರಮ್ ಗಣಕಕ್ಕೆ ಹೆಚ್ಚಿನ ಸ್ಮೃತಿಯ ಜೋಡಣೆ

ಹಳೆಯ ಗೃಹಗಣಕವೊಂದರ ವಿಚಾರವನ್ನು ಸಂಶೋಧನಾ ಪತ್ರಿಕೆಯಲ್ಲಿ ಎತ್ತಿಕೊಳ್ಳುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಗಣಕದ ಸ್ಮೃತಿ ಎಂದರೇನು, ಅದು ಎಲ್ಲಿರುತ್ತದೆ, ಯಂತ್ರವು ಅದನ್ನು ಹೇಗೆ ಎಣಿಸಿಕೊಳ್ಳುತ್ತದೆ ಎಂಬ ಪ್ರಶ್ನೆಗಳನ್ನು ಇಂದಿನ ಯಂತ್ರವನ್ನು ಬಿಚ್ಚಿ ವಿದ್ಯಾರ್ಥಿಗಳಿಗೆ ತೋರಿಸುವುದು ಅಸಾಧ್ಯವೆಂದೇ ಹೇಳಬೇಕು. ಎಲ್ಲವೂ ಉಗುರಿನಷ್ಟು ಜಾಗದಲ್ಲಿ ಅಡಗಿಹೋಗಿದೆ. ೧೯೮೨ರ ಯಂತ್ರದಲ್ಲಾದರೋ ಬೈಟಿನ ಒಂದೊಂದು ಬಿಟ್ಟಿಗೂ ಒಂದೊಂದು ಚಿಪ್ ಉಂಟು, ಬೆರಳಿಟ್ಟು ತೋರಿಸಬಹುದು. ಈ ಕಾರಣದಿಂದಲೇ ನಮ್ಮ ವಿಭಾಗದ ಬೀರುವಿನಲ್ಲಿ ಬಹುಕಾಲದಿಂದ ಇದ್ದ ೧೬ ಕಿಲೋಬೈಟಿನ ಸ್ಪೆಕ್ಟ್ರಮ್ ಗಣಕವನ್ನು ೪೮ ಕಿಲೋಬೈಟಿಗೆ ಏರಿಸುವ ಕೆಲಸವನ್ನು ನಾವು ಕೈಗೊಂಡೆವು. ಯಂತ್ರವು ಕೆಡದೆ ಉಳಿಯಬೇಕೆಂಬುದು ನಮ್ಮ ಮೊದಲ ಚಿಂತೆಯಾಗಿತ್ತು. ಕೆಟ್ಟರೆ ಮತ್ತೊಂದನ್ನು ತರುವ ಅನುಕೂಲ ನಮಗಿರಲಿಲ್ಲ.

ಸಿಂಕ್ಲೇರ್ ಸಂಸ್ಥೆಯು ಈ ಯಂತ್ರವನ್ನು ಬ್ರಿಟನ್ನಿನಲ್ಲಿ ಬಿಡುಗಡೆ ಮಾಡಿದ್ದು ೧೯೮೨ರ ಏಪ್ರಿಲ್ ತಿಂಗಳಿನಲ್ಲಿ. ೧೬ ಕಿಲೋಬೈಟಿನ ಯಂತ್ರಕ್ಕೆ ೧೨೫ ಪೌಂಡು, ೪೮ ಕಿಲೋಬೈಟಿನದಕ್ಕೆ ೧೭೫ ಪೌಂಡು ಬೆಲೆಯಿತ್ತು. ಹೊರನೋಟಕ್ಕೆ ಎರಡೂ ಒಂದೇ. ಚಿಕ್ಕ ಯಂತ್ರವನ್ನು ಕೊಂಡವನು ಮುಂದೆ ಕೈಯಲ್ಲಿ ಹಣ ಬಂದಾಗ ಅದನ್ನು ಬೆಳೆಸಿಕೊಳ್ಳಲೆಂದು ಒಳಗಿನ ಫಲಕದಲ್ಲಿ ಹನ್ನೆರಡು ಚಿಪ್‌ಗಳಿಗೆ ಎಡೆಬಿಡಲಾಗಿತ್ತು. ನಮ್ಮ ಯಂತ್ರದಲ್ಲಿ ಆ ಹನ್ನೆರಡು ಸಾಕೆಟ್ಟುಗಳೂ ಖಾಲಿಯಾಗಿಯೇ ಇದ್ದುವು.

ಮೊದಲು ವಿಳಾಸಗಳ ಲೆಕ್ಕವನ್ನು ತಿಳಿಯೋಣ. ಈ ಗಣಕದ ಕೇಂದ್ರ ಸಂಸ್ಕಾರಕವಾದ ಜೆಡ್-೮೦ಕ್ಕೆ ಹದಿನಾರು ವಿಳಾಸತಂತಿಗಳಿವೆ. ಆದುದರಿಂದ ಅದು ೦ಯಿಂದ ೬೫,೫೩೫ರ ವರೆಗಿನ ವಿಳಾಸಗಳನ್ನು ಮಾತ್ರ ಕರೆಯಬಲ್ಲುದು. ಇದರಲ್ಲಿ ಮೊದಲ ೧೬,೩೮೪ ಸ್ಥಾನಗಳು ಬೇಸಿಕ್ ಭಾಷೆಯನ್ನು ಹೊತ್ತ ಸ್ಥಿರಸ್ಮೃತಿಗೆ ಸೇರಿವೆ. ಅಲ್ಲಿಂದ ೩೨,೭೬೭ರ ವರೆಗೆ ಚಿಕ್ಕ ಯಂತ್ರದ ಬದಲಾಗಬಲ್ಲ ಸ್ಮೃತಿ. ಆದರೆ ಇದರಲ್ಲಿಯೂ ೬,೯೧೨ ಬೈಟುಗಳು ಪರದೆಯ ಚಿತ್ರಕ್ಕೆ ಮೀಸಲು. ಯಂತ್ರದ ಸ್ವಂತ ಲೆಕ್ಕಪತ್ರಕ್ಕೆ ಇನ್ನಷ್ಟು. ಬೇಸಿಕ್ ಕ್ರಮವಿಧಿ ಸಾಮಾನ್ಯವಾಗಿ ೨೩,೭೫೫ನೆಯ ವಿಳಾಸದಿಂದ ಆರಂಭವಾಗುವುದರಿಂದ ಬಳಸುವವನಿಗೆ ಉಳಿಯುವುದು ಸುಮಾರು ಒಂಬತ್ತು ಸಾವಿರ ಬೈಟು ಮಾತ್ರ. ೩೨,೭೬೮ರಿಂದ ಮೇಲಣ ಅರ್ಧಭಾಗವನ್ನು ತುಂಬಿದರೆ ಅದು ನಲವತ್ತೊಂದು ಸಾವಿರಕ್ಕೆ ಮೀರುತ್ತದೆ. ಒಟ್ಟು ಸ್ಮೃತಿ ಮೂರು ಪಾಲಾದರೂ ಬಳಕೆಯ ಜಾಗ ನಾಲ್ಕು ಪಾಲಿಗೂ ಹೆಚ್ಚಾಗುವ ರಹಸ್ಯ ಇದೇ.

ಇನ್ನೊಂದು ಲಾಭವನ್ನೂ ಇಲ್ಲಿಯೇ ಹೇಳಿಬಿಡಬಹುದು. ಕೆಳಗಣ ೧೬ ಕಿಲೋಬೈಟನ್ನು ಚಿತ್ರ ಬರೆಯುವ ಚಿಪ್ ಕೂಡ ಓದುತ್ತಿರುತ್ತದೆ. ಅದು ಓದುವಾಗ ಸಂಸ್ಕಾರಕವು ಕಾಯಬೇಕು. ಮೇಲಣ ಸ್ಮೃತಿಯಲ್ಲಿ ಈ ತಡೆಯಿಲ್ಲದ್ದರಿಂದ ಅಲ್ಲಿ ಇಟ್ಟ ಯಂತ್ರಭಾಷೆಯ ಕ್ರಮವಿಧಿ ಹೆಚ್ಚು ವೇಗವಾಗಿ ನಡೆಯುತ್ತದೆ.

ಈಗ ಚಿಪ್‌ಗಳ ವಿಚಾರ. ಕೆಳಗಣ ಸ್ಮೃತಿಯಲ್ಲಿ ೪೧೧೬ ಎಂಬ ಎಂಟು ಚಿಪ್‌ಗಳಿವೆ. ಒಂದೊಂದೂ ೧೬,೩೮೪ ಬಿಟ್ಟುಗಳನ್ನು ಹಿಡಿಯುತ್ತದೆ. ಮೇಲಣ ಭಾಗಕ್ಕೆ ಒಂದೊಂದು ಬಿಟ್ಟಿಗೆ ಅದರ ಇಮ್ಮಡಿ, ಎಂದರೆ ೩೨,೭೬೮ ಸ್ಥಾನಗಳು ಬೇಕು. ಆ ಅಳತೆಯ ಚಿಪ್ಪನ್ನು ಅದಕ್ಕಾಗಿಯೇ ಯಾರೂ ಮಾಡುತ್ತಿರಲಿಲ್ಲ. ಆ ದಿನಗಳಲ್ಲಿ ೬೫,೫೩೬ ಬಿಟ್ಟಿನ ಚಿಪ್‌ಗಳನ್ನು ತಯಾರಿಸುವಾಗ ಒಂದರ್ಧದಲ್ಲಿ ದೋಷವಿದ್ದು ಇನ್ನೊಂದರ್ಧ ಸರಿಯಿರುವಂಥವು ಹೊರಬೀಳುತ್ತಿದ್ದುವು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ಅಂಥವನ್ನು ೪೫೩೨ ಎಂದೂ ಓಕಿ ಸಂಸ್ಥೆಯು ೩೭೩೨ ಎಂದೂ ಹೆಸರಿಟ್ಟು ಅಗ್ಗಕ್ಕೆ ಮಾರುತ್ತಿದ್ದುವು. ಸಿಂಕ್ಲೇರ್ ಸಂಸ್ಥೆ ಇವುಗಳನ್ನೇ ಆರಿಸಿಕೊಂಡಿತು. ಇದನ್ನು ಜಿಪುಣತನವೆಂದು ಹಳಿಯುವವರುಂಟು. ಬಿಸಾಡಬೇಕಾದ ವಸ್ತುವಿನಿಂದ ಬಡ ವಿದ್ಯಾರ್ಥಿಗೂ ಎಟುಕುವ ಯಂತ್ರವನ್ನು ಕಟ್ಟಿದ್ದು ಜಾಣತನವೆಂದೇ ನಮ್ಮ ಎಣಿಕೆ.

ಯಾವ ಅರ್ಧ ಸರಿಯಿದೆ ಎಂಬುದನ್ನು ಚಿಪ್ಪಿನ ಹೆಸರಿನ ಕೊನೆಯ ಗುರುತು ತಿಳಿಸುತ್ತದೆ. ಎಂಟೂ ಚಿಪ್‌ಗಳು ಒಂದೇ ಗುರುತಿನವಾಗಿರಬೇಕು. ವಿಳಾಸವನ್ನು ಎರಡು ಕಂತುಗಳಲ್ಲಿ, ಮೊದಲು ಸಾಲು ಆಮೇಲೆ ಕಂಬ ಎಂಬಂತೆ, ಚಿಪ್ಪಿಗೆ ಒಪ್ಪಿಸಲು ೭೪-ಎಲ್‌ಎಸ್-೧೫೭ ಎಂಬ ಎರಡು ಆಯ್ಕೆಯ ಚಿಪ್‌ಗಳಿವೆ. ಇವುಗಳ ಒಳದಾರಿಗಳು ಒಟ್ಟು ಹದಿನಾರು. ಬೇಕಾದ ವಿಳಾಸತಂತಿಗಳು ಹದಿನೈದು. ಉಳಿದ ಒಂದು ದಾರಿಯನ್ನು ಫಲಕದ ಮೇಲಣ ಒಂದು ತುಂಡು ತಂತಿಯಿಂದ ೫ ವೋಲ್ಟಿಗೋ ಶೂನ್ಯಕ್ಕೋ ಕಟ್ಟಿಬಿಟ್ಟರೆ ಒಳ್ಳೆಯ ಅರ್ಧವು ಶಾಶ್ವತವಾಗಿ ಆಯ್ಕೆಯಾಗುತ್ತದೆ. ಇನ್ನುಳಿದ ಎರಡು, ೭೪-ಎಲ್‌ಎಸ್-೩೨ ಮತ್ತು ೭೪-ಎಲ್‌ಎಸ್-೦೦, ಕಾಲವನ್ನೂ ಕ್ರಮವನ್ನೂ ನೋಡಿಕೊಳ್ಳುವ ತರ್ಕದ ಚಿಪ್‌ಗಳು. ಇಂದು ಈ ಕೆಲಸಕ್ಕೆ ಕೈಹಾಕುವವರು ಪೂರ್ಣ ಚಿಪ್ಪಾದ ೪೧೬೪ನ್ನೇ ಸೇರಿಸುವುದುಂಟು. ಆಗ ತಂತಿ ಯಾವ ಕಡೆಗಿದ್ದರೂ ನಡೆಯುತ್ತದೆ, ಅರ್ಧ ಚಿಪ್ ಸುಮ್ಮನೆ ನಿದ್ರಿಸುತ್ತದೆ.

ಒಂದು ಎಚ್ಚರಿಕೆ ಇಲ್ಲಿ ಅತ್ಯವಶ್ಯ. ೪೧೧೬ಕ್ಕೂ ೪೧೬೪ಕ್ಕೂ ಹದಿನಾರು ಕಾಲುಗಳೇ, ನೋಡಲು ಅವಳಿಗಳಂತಿವೆ. ಆದರೆ ಹಳೆಯದಕ್ಕೆ ೧೨ ವೋಲ್ಟ್, ೫ ವೋಲ್ಟ್, ಋಣ ೫ ವೋಲ್ಟ್ ಎಂಬ ಮೂರು ಬಗೆಯ ವಿದ್ಯುತ್ತು ಬೇಕು. ಹೊಸದಕ್ಕೆ ೫ ವೋಲ್ಟ್ ಒಂದೇ ಸಾಕು. ಎಂಟನೆಯ ಕಾಲಿನಲ್ಲಿ ಹಳೆಯದು ೧೨ ವೋಲ್ಟನ್ನು ಪಡೆಯುತ್ತದೆ, ಹೊಸದು ೫ ವೋಲ್ಟನ್ನು. ಹೊಸ ಚಿಪ್ಪನ್ನು ತಪ್ಪಿ ಕೆಳಗಣ ಸ್ಮೃತಿಯ ಜಾಗದಲ್ಲಿ ಕೂರಿಸಿದರೆ ಅದು ಸುಟ್ಟುಹೋಗುವುದರಲ್ಲಿ ಸಂಶಯವಿಲ್ಲ.

ಜೋಡಿಸಿದ ಮೇಲೆ ಯಂತ್ರಕ್ಕೆ ಹೊಸ ಸ್ಮೃತಿಯ ಸುದ್ದಿಯನ್ನು ಯಾರೂ ಹೇಳಬೇಕಾಗಿಲ್ಲ. ಪ್ರತಿ ಸಲವೂ ವಿದ್ಯುತ್ತು ಹರಿದೊಡನೆ ಅದು ೬೫,೫೩೫ರಿಂದ ಕೆಳಕ್ಕೆ ಎಲ್ಲ ಸ್ಥಾನಗಳಲ್ಲಿಯೂ ೨ ಎಂಬ ಅಂಕಿಯನ್ನು ಬರೆಯುತ್ತದೆ. ಬಣ್ಣದ ಪರದೆಯಾದರೆ ಆ ಕ್ಷಣದಲ್ಲಿ ಕಪ್ಪಿನ ಮೇಲೆ ಸಣ್ಣ ಕೆಂಪು ಗೆರೆಗಳು ಮಿಂಚಿ ಮಾಯವಾಗುವುದು ಇದರಿಂದಲೇ. ಅನಂತರ ಕೆಳಗಿನಿಂದ ಮೇಲಕ್ಕೆ ಹೋಗುತ್ತ ಒಂದೊಂದು ಸ್ಥಾನದಿಂದಲೂ ಎರಡು ಸಲ ಒಂದನ್ನು ಕಳೆಯುತ್ತದೆ. ಎರಡನೆಯ ಸಲಕ್ಕೆ ಸರಿಯಾಗಿ ಸೊನ್ನೆ ಬಂದರೆ ಆ ಸ್ಥಾನ ಇದೆಯೆಂದು ಎಣಿಕೆ. ಬಾರದಿದ್ದರೆ ಸ್ಮೃತಿಯು ಅಲ್ಲಿಗೇ ಮುಗಿಯಿತೆಂದು ತೀರ್ಮಾನ. ಆ ಗಡಿಯನ್ನು ೨೩೭೩೨ ಮತ್ತು ೨೩೭೩೩ನೆಯ ವಿಳಾಸಗಳಲ್ಲಿ ಬರೆದಿಡುತ್ತದೆ. "ಪ್ರಿಂಟ್ ಪೀಕ್ ೨೩೭೩೨ + ೨೫೬ * ಪೀಕ್ ೨೩೭೩೩" ಎಂದು ಕೇಳಿದರೆ ಚಿಕ್ಕ ಯಂತ್ರವು ೩೨೭೬೭ ಎಂದೂ ದೊಡ್ಡದು ೬೫೫೩೫ ಎಂದೂ ಉತ್ತರಿಸುತ್ತದೆ.

ನಮಗೆ ೬೫೫೩೫ ಎಂಬ ಉತ್ತರವೇ ಬಂದಿತು. ಆದರೆ ವಿದ್ಯಾರ್ಥಿಗಳು ದೊಡ್ಡದೊಂದು ಕ್ರಮವಿಧಿಯನ್ನು ತುಂಬಿದಾಗಲೆಲ್ಲ ಯಂತ್ರವು ದಿಕ್ಕೆಟ್ಟು ನಿಲ್ಲುತ್ತಿತ್ತು. ಬೆಸುಗೆಯನ್ನೂ ವಿದ್ಯುತ್ತನ್ನೂ ಶಂಕಿಸಿ ಎರಡು ದಿನ ಕಳೆದೆವು. ತಪ್ಪು ಇದ್ದದ್ದು ನಮ್ಮ ನಂಬಿಕೆಯಲ್ಲಿ. ಯಂತ್ರದ ಪರೀಕ್ಷೆಯಲ್ಲಿ ಬರುವ ಅಂಕಿಗಳು ೨, ೧, ೦ ಮಾತ್ರ. ಇವುಗಳಲ್ಲಿ ಮೇಲಣ ಆರು ಬಿಟ್ಟುಗಳು ಎಂದೂ ೧ ಆಗುವುದಿಲ್ಲ. ಆ ಆರರಲ್ಲಿ ಯಾವುದಾದರೂ ಚಿಪ್ ಸದಾ ಸೊನ್ನೆಯನ್ನೇ ನುಡಿಯುತ್ತಿದ್ದರೂ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ!

ಆದುದರಿಂದ ಬೇರೆ ಪರೀಕ್ಷೆ ಬೇಕಾಯಿತು. ಮೊದಲು "ಕ್ಲಿಯರ್ ೩೨೭೬೭" ಎಂದು ಆಜ್ಞಾಪಿಸಿ ಯಂತ್ರವು ತನ್ನ ಕೆಲಸಕ್ಕೆ ಇಟ್ಟುಕೊಂಡ ರಾಶಿಯನ್ನು ಕೆಳಗಣ ಸ್ಮೃತಿಗೆ ಇಳಿಸಿದೆವು. ಇಲ್ಲವಾದರೆ ಪರೀಕ್ಷೆಯೇ ಅದನ್ನು ಅಳಿಸಿಬಿಡುತ್ತದೆ. ಆಮೇಲೆ ೩೨,೭೬೮ರಿಂದ ೬೫,೫೩೫ರ ವರೆಗೆ ಎಲ್ಲ ಸ್ಥಾನಗಳಲ್ಲಿಯೂ ೨೫೫ನ್ನು ಬರೆದು, ಬರೆದು ಮುಗಿಸಿದ ಬಳಿಕವೇ ಮೊದಲಿನಿಂದ ಓದಿದೆವು. ಬೇಸಿಕ್ ಭಾಷೆಯಲ್ಲಿ ಇದು ನಿಧಾನದ ಕೆಲಸ. ಓದಿದಾಗ ಕೆಲವು ಕಡೆಗಳಲ್ಲಿ ೧೯೧ ಎಂದು ಬಂದಿತು. ೨೫೫ರಿಂದ ೬೪ ಹೋಗಿದೆ. ೬೪ ಎಂಬುದು, ಸೊನ್ನೆಯಿಂದ ಎಣಿಸಿದರೆ, ಆರನೆಯ ಬಿಟ್ಟು. ಆ ಬಿಟ್ಟಿನ ಚಿಪ್ಪೊಂದನ್ನೇ ಬದಲಿಸಿದೆವು. ಅನಂತರ ೮೫, ೧೭೦ ಎಂಬ ಅಂಕಿಗಳಿಂದಲೂ ಪರೀಕ್ಷಿಸಿದಾಗ ದೋಷ ಕಾಣಲಿಲ್ಲ.

೬೪ ಕಿಲೋಬೈಟಿನ ಎಲ್ಲೆಯನ್ನು ದಾಟುವುದು ಬೇರೆಯೇ ಉಪಾಯದ ಮಾತು. ೧೯೮೫ರಲ್ಲಿ ಸ್ಪೇನಿನಲ್ಲಿಯೂ ೧೯೮೬ರಲ್ಲಿ ಬ್ರಿಟನ್ನಿನಲ್ಲಿಯೂ ಬಂದ ೧೨೮ ಕಿಲೋಬೈಟಿನ ಸ್ಪೆಕ್ಟ್ರಮ್ ಯಂತ್ರದಲ್ಲಿ ಸ್ಮೃತಿಯನ್ನು ೧೬ ಕಿಲೋಬೈಟಿನ ಎಂಟು ಪುಟಗಳಾಗಿ ಮಾಡಿ, ೩೨೭೬೫ನೆಯ ದ್ವಾರಕ್ಕೆ ಪುಟಸಂಖ್ಯೆಯನ್ನು ಕಳುಹಿಸಿದರೆ ಆ ಪುಟವು ೪೯,೧೫೨ನೆಯ ವಿಳಾಸದಿಂದ ಮೇಲೆ ತೆರೆದುಕೊಳ್ಳುವಂತೆ ಏರ್ಪಡಿಸಿದ್ದರು. ನಮ್ಮ ಯಂತ್ರವನ್ನು ಆ ದಾರಿಗೆ ಎಳೆಯಲು ಫಲಕವನ್ನೇ ಕತ್ತರಿಸಬೇಕಾಗುತ್ತಿತ್ತು. ಅದನ್ನು ನಾವು ಮಾಡಲಿಲ್ಲ. ಸಾಕೆಟ್ಟಿನಲ್ಲಿ ಕೂರಿಸಿದ ಹನ್ನೆರಡು ಚಿಪ್‌ಗಳನ್ನು ಯಾವಾಗ ಬೇಕಾದರೂ ಕಿತ್ತು ಯಂತ್ರವನ್ನು ಮೊದಲಿನ ಸ್ಥಿತಿಗೆ ತರಬಹುದು. ತಂತಿಯನ್ನು ಯಾವ ಕಡೆಗೆ ಕಟ್ಟಿದೆ, ಯಾವ ಚಿಪ್ಪನ್ನು ಬದಲಿಸಿದೆ ಎಂಬ ವಿವರವನ್ನು ಒಂದು ಚೀಟಿಯಲ್ಲಿ ಬರೆದು ಮುಚ್ಚಳದ ಒಳಗಡೆ ಅಂಟಿಸಿದ್ದೇವೆ.