ಡಯಟ್ ಮಾಡುವ ಶ್ರಾವಕರಿಗೆ ಬ್ರೆಡ್ಡೋ, ಜೋಳದ ರೊಟ್ಟಿಯೋ?

ಕಲಬುರಗಿ ನಗರದಲ್ಲಿ ಜಿಮ್‌ಗೆ ಸೇರಿದವರ ಕೈಗೆ ಮೊದಲ ವಾರವೇ ಒಂದು ಆಹಾರ ಪಟ್ಟಿ ಬರುತ್ತದೆ. ಬೆಳಿಗ್ಗೆ ಎರಡು ತುಂಡು ಬ್ರೌನ್ ಬ್ರೆಡ್ ಮತ್ತು ಮೊಟ್ಟೆಯ ಬಿಳಿ ಭಾಗ, ಸಂಜೆ ಮೊಳಕೆ ಕಾಳು, ರಾತ್ರಿ ವ್ಯಾಯಾಮ ಮುಗಿದ ಮೇಲೆ ಊಟ. ಜೈನ ಮನೆಯ ಮಕ್ಕಳು ಮೊಟ್ಟೆಯನ್ನು ಕೂಡಲೇ ಪಟ್ಟಿಯಿಂದ ತೆಗೆದುಹಾಕುತ್ತಾರೆ. ಬ್ರೆಡ್ ಮಾತ್ರ ‘ಸಸ್ಯಾಹಾರವೇ ಅಲ್ಲವೇ’ ಎಂದು ಉಳಿದುಬಿಡುತ್ತದೆ. ಮನೆಯಲ್ಲಿ ತಾಯಿ ಬಡಿದ ಜೋಳದ ರೊಟ್ಟಿ ‘ತೂಕ ಹೆಚ್ಚಿಸುತ್ತದೆ’ ಎಂಬ ಹೆಸರು ಹೊತ್ತು ತಟ್ಟೆಯಿಂದ ದೂರವಾಗುತ್ತದೆ. ಆರೋಗ್ಯ, ಆಚಾರ ಎರಡರ ದೃಷ್ಟಿಯಿಂದಲೂ ಈ ಅದಲು ಬದಲು ಸರಿಯೇ ಎಂದು ನೋಡುವುದು ಒಳ್ಳೆಯದು.

ಬಣ್ಣ ನೋಡಿ ಮೋಸ ಹೋಗಬಾರದು

ಬ್ರೆಡ್ ಕಂದು ಬಣ್ಣದ್ದಾದ ಮಾತ್ರಕ್ಕೆ ಅದು ಇಡೀ ಗೋಧಿಯದು ಎಂದಲ್ಲ. ಮೈದಾಕ್ಕೆ ಕ್ಯಾರಮೆಲ್ ಬಣ್ಣ (ಐಎನ್‌ಎಸ್ 150) ಸೇರಿಸಿದರೂ ಕಂದು ಬರುತ್ತದೆ. ಪೊಟ್ಟಣದ ಹಿಂದೆ ಪದಾರ್ಥಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಮುದ್ರಿಸಬೇಕೆಂಬ ನಿಯಮವಿದೆ. ಮೊದಲ ಹೆಸರು ‘ಸಂಸ್ಕರಿಸಿದ ಗೋಧಿ ಹಿಟ್ಟು’ ಎಂದಿದ್ದರೆ ಅದು ಮೈದಾ. ‘ಮಲ್ಟಿಗ್ರೇನ್’ ಎಂದು ದೊಡ್ಡದಾಗಿ ಬರೆದಿದ್ದರೂ ಕಾಳುಬೀಜಗಳು ಪಟ್ಟಿಯ ಕೊನೆಯಲ್ಲಿದ್ದರೆ ಅವು ಮೇಲೆ ಉದುರಿಸಿದಷ್ಟೇ.

ವ್ಯತ್ಯಾಸ ಎದ್ದು ಕಾಣುವುದು ನಾರಿನಲ್ಲಿ. 100 ಗ್ರಾಂ ಮೈದಾದಲ್ಲಿ ನಾರು 3 ಗ್ರಾಂಗಿಂತಲೂ ಕಡಿಮೆ. ಇಡೀ ಗೋಧಿ ಹಿಟ್ಟಿನಲ್ಲಿ ಸುಮಾರು 11 ಗ್ರಾಂ. 100 ಗ್ರಾಂಗೆ 6 ಗ್ರಾಂ ನಾರು ಇದ್ದರೆ ಮಾತ್ರ ‘ಹೆಚ್ಚು ನಾರುಳ್ಳದ್ದು’ ಎಂದು ಹೇಳಿಕೊಳ್ಳಲು ಕಾನೂನು ಅವಕಾಶ ಕೊಡುತ್ತದೆ. ಬ್ರೆಡ್ ಕೊಳ್ಳಲೇಬೇಕಾದರೆ ಈ ಅಂಕಿಯನ್ನೂ, ಸಕ್ಕರೆ ಮತ್ತು ಸೋಡಿಯಂ ಸಾಲುಗಳನ್ನೂ ನೋಡಬೇಕು.

ಹಸಿರು ಚುಕ್ಕೆ ಹೇಳದ ಮಾತು

ಹಸಿರು ಚುಕ್ಕೆ ಇದ್ದರೆ ಮೊಟ್ಟೆ, ಮಾಂಸ, ಪ್ರಾಣಿಜನ್ಯ ಕೊಬ್ಬು ಇಲ್ಲವೆಂದು ತಿಳಿಯಬಹುದು. ಆದರೆ ಅದು ಜೈನ ಆಹಾರದ ಗುರುತಲ್ಲ. ಕಾನೂನಿನ ವ್ಯಾಖ್ಯೆಯಲ್ಲಿ ಹಾಲಿನಂತೆ ಜೇನುತುಪ್ಪಕ್ಕೂ ವಿನಾಯಿತಿ ಇದೆ. ಆದ್ದರಿಂದ ಜೇನು ಹಾಕಿದ ‘ಹನಿ ಬ್ರೆಡ್’ ಹಸಿರು ಚುಕ್ಕೆಯೊಂದಿಗೇ ಮಾರಾಟವಾಗುತ್ತದೆ. ಮದ್ಯ, ಮಾಂಸ, ಮಧು ಮೂರನ್ನೂ ತ್ಯಜಿಸಿದ ಶ್ರಾವಕರಿಗೆ ಅದು ವರ್ಜ್ಯ. ಬೆಳ್ಳುಳ್ಳಿ ಬ್ರೆಡ್ಡಿಗೂ ಅದೇ ಚುಕ್ಕೆ ಇರುತ್ತದೆ.

ಯೀಸ್ಟ್ ವಿಷಯ ಇನ್ನೂ ಮುಖ್ಯವಾದದ್ದು. ಬ್ರೆಡ್ ಉಬ್ಬುವುದೇ ಈ ಸೂಕ್ಷ್ಮಜೀವಿಗಳು ಹಿಟ್ಟಿನಲ್ಲಿ ಬೆಳೆದು ಅನಿಲ ಬಿಡುವುದರಿಂದ. ಹಿಟ್ಟನ್ನು ಹುಳಿಯಲು ಬಿಡುವುದು, ಬೆಂದ ಮೇಲೂ ತೇವ ಉಳಿಯುವುದು, ಹಲವು ದಿನ ಇಟ್ಟು ತಿನ್ನುವುದು — ಈ ಮೂರು ಕಾರಣಗಳಿಂದ ಆಚಾರವಂತ ಮನೆಗಳಲ್ಲಿ ಬ್ರೆಡ್ಡನ್ನು ಅಭಕ್ಷ್ಯವೆಂದು ಬಿಡುತ್ತಾರೆ. ಬೂಸಲು ಬಾರದಿರಲೆಂದು ಕ್ಯಾಲ್ಸಿಯಂ ಪ್ರೊಪಿಯೊನೇಟ್ (ಐಎನ್‌ಎಸ್ 282) ಬೆರೆಸುವುದುಂಟು. ಬೇಕರಿಯಲ್ಲಿ ಬಿಡಿಯಾಗಿ ಸಿಗುವ ಬ್ರೆಡ್ಡು, ಬನ್ನುಗಳಿಗೆ ಪೊಟ್ಟಣದ ಮಾಹಿತಿಯೂ ಇರುವುದಿಲ್ಲ. ಹೊಳಪಿಗೆ ಮೊಟ್ಟೆ ಸವರಿದ್ದಾರೆಯೇ ಎಂದು ಕೇಳಿಯೇ ತಿಳಿಯಬೇಕು. ವಿದೇಶದಲ್ಲಿ ಓದುವ ಮಕ್ಕಳು ಐಎನ್‌ಎಸ್ ಬದಲು ‘ಇ’ ಸಂಖ್ಯೆಗಳನ್ನು ನೋಡಬೇಕು. 471 ಮತ್ತು 920 ಸಸ್ಯಮೂಲದಿಂದಲೂ ಬರಬಹುದು, ಪ್ರಾಣಿಮೂಲದಿಂದಲೂ ಬರಬಹುದು.

ಜೋಳದ ರೊಟ್ಟಿಯ ಲೆಕ್ಕ

100 ಗ್ರಾಂ ಜೋಳದಲ್ಲಿ ಸುಮಾರು 334 ಕಿಲೋಕ್ಯಾಲರಿ, 10 ಗ್ರಾಂ ಪ್ರೋಟೀನ್, 10 ಗ್ರಾಂ ನಾರು ಇದೆ. 45 ಗ್ರಾಂ ಹಿಟ್ಟಿನ ಒಂದು ರೊಟ್ಟಿಗೆ ಸುಮಾರು 150 ಕಿಲೋಕ್ಯಾಲರಿ, ನಾಲ್ಕೂವರೆ ಗ್ರಾಂ ಪ್ರೋಟೀನ್, ಅಷ್ಟೇ ನಾರು. ಹಿಟ್ಟು, ನೀರು, ರುಚಿಗೆ ಉಪ್ಪು ಬಿಟ್ಟರೆ ಬೇರೇನೂ ಇಲ್ಲ. ಜೋಳದಲ್ಲಿ ಗೋಧಿಯ ಜಿಗುಟು, ಅಂದರೆ ಗ್ಲೂಟೆನ್ ಇಲ್ಲ. ಅದಕ್ಕೇ ಬಿಸಿನೀರಿನಲ್ಲಿ ನಾದಿ, ಕೈಯಿಂದ ಬಡಿಯುವುದು. ಯೀಸ್ಟೂ ಬೇಡ, ಹುಳಿಯಲು ಬಿಡುವುದೂ ಬೇಡ.

ಹಾಗೆಂದು ರೊಟ್ಟಿ ಎಷ್ಟಾದರೂ ತಿನ್ನಬಹುದು ಎಂದಲ್ಲ. ಜೋಳದಲ್ಲೂ ಮೂರನೇ ಎರಡು ಪಾಲು ಪಿಷ್ಟವೇ. ತೂಕ ಇಳಿಸಬೇಕಾದವರು ನಾಲ್ಕರ ಬದಲು ಎರಡಕ್ಕೆ ನಿಲ್ಲಿಸಿ ಪಲ್ಯ, ಬೇಳೆ ಹೆಚ್ಚಿಸಬೇಕು. ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರು ಊಟದ ಪ್ರಮಾಣ ಬದಲಿಸುವ ಮುನ್ನ ವೈದ್ಯರನ್ನು ಕೇಳಬೇಕು.

ಊರಿನ ರೊಟ್ಟಿಗೆ ಈಗ ಹೊರಗೂ ಗೌರವ ಬಂದಿದೆ. ಸ್ವಸಹಾಯ ಸಂಘಗಳ ಮಹಿಳೆಯರು ತಯಾರಿಸುವ ‘ಕಲಬುರಗಿ ರೊಟ್ಟಿ’ಯನ್ನು ಪ್ರಧಾನಿಯವರು 2025ರ ಜೂನ್ ತಿಂಗಳ ‘ಮನ್ ಕಿ ಬಾತ್’ನಲ್ಲಿ ಪ್ರಸ್ತಾಪಿಸಿದರು.

ಹಿಟ್ಟಿನ ಮರ್ಯಾದೆ

ದಿಗಂಬರ ಪರಂಪರೆಯಲ್ಲಿ ಬೀಸಿದ ಹಿಟ್ಟಿಗೆ ಚಳಿಗಾಲದಲ್ಲಿ 7, ಬೇಸಿಗೆಯಲ್ಲಿ 5, ಮಳೆಗಾಲದಲ್ಲಿ 3 ದಿನಗಳ ಮರ್ಯಾದೆ ಹೇಳುತ್ತಾರೆ. ತಿಂಗಳುಗಟ್ಟಲೆ ಅಂಗಡಿಯಲ್ಲಿ ಕೂರುವ ಹಿಟ್ಟಿಗಿಂತ, ಕಮಲಾಪುರದಂಥ ಊರಲ್ಲಿ ಜೋಳ ಹಸನು ಮಾಡಿ ವಾರಕ್ಕಾಗುವಷ್ಟನ್ನೇ ಗಿರಣಿಗೆ ಹಾಕಿಸುವ ರೂಢಿ ಈ ನಿಯಮಕ್ಕೆ ಹೆಚ್ಚು ಹತ್ತಿರ. ಮೆತ್ತನೆಯ ರೊಟ್ಟಿ ರಾತ್ರಿ ಕಳೆದರೆ ತಂಗಳು. ಅದನ್ನು ಅಂದೇ ಮುಗಿಸಬೇಕು. ಪೂರ್ತಿ ಒಣಗಿಸಿದ ಕಡಕ್ ರೊಟ್ಟಿಯನ್ನು ಎಷ್ಟು ದಿನ ಬಳಸಬೇಕೆಂಬುದರಲ್ಲಿ ಮನೆತನಗಳ ರೂಢಿ ಬೇರೆ ಬೇರೆ. ವ್ರತ ಹಿಡಿದವರು ಮುನಿಗಳನ್ನೋ ಹಿರಿಯರನ್ನೋ ಕೇಳಿ ನಡೆಯುವುದು ಲೇಸು.

ಪ್ರೋಟೀನ್ ಎಲ್ಲಿಂದ?

ಆರೋಗ್ಯವಂತ ವಯಸ್ಕರಿಗೆ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುತ್ತದೆ. 60 ಕಿಲೋ ತೂಕದವರಿಗೆ ಇದು ಸುಮಾರು 50 ಗ್ರಾಂ. ಭಾರ ಎತ್ತಿ ಕಸರತ್ತು ಮಾಡುವವರಿಗೆ ಇನ್ನಷ್ಟು. ಎರಡು ರೊಟ್ಟಿಯೊಂದಿಗೆ 30 ಗ್ರಾಂ ತೊಗರಿಬೇಳೆ ಸೇರಿದರೆ ಒಂದು ಊಟಕ್ಕೆ ಸುಮಾರು 15 ಗ್ರಾಂ ಆಯಿತು. ಜೋಳದಲ್ಲಿ ಕೊರತೆಯಿರುವ ಲೈಸಿನ್ ಎಂಬ ಅಂಶವನ್ನು ಬೇಳೆ ತುಂಬಿಕೊಡುತ್ತದೆ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಉತ್ತಮ ಬೇಳೆಗೆ ದೂರ ಹೋಗಬೇಕಿಲ್ಲ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಇಲ್ಲದ ಝುಣಕ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿಗಳೂ ಇವೆ. ಹಿಂಡಿಯಲ್ಲಿ ಎಣ್ಣೆಯಂಶ ಹೆಚ್ಚು, ಒಂದೆರಡು ಚಮಚ ಸಾಕು.

ಇಲ್ಲಿ ಎರಡು ಎಚ್ಚರ ಬೇಕು. ಬೇಳೆ ಅಥವಾ ಕಡಲೆಹಿಟ್ಟಿನ ಪದಾರ್ಥದೊಂದಿಗೆ ಕಾಯಿಸದ ಮೊಸರು, ಮಜ್ಜಿಗೆ ಸೇರಿದರೆ ದ್ವಿದಳ ದೋಷ. ಆದ್ದರಿಂದ ಬೇಳೆಯನ್ನು ಒಂದು ಊಟಕ್ಕೆ, ಮೊಸರನ್ನು ಇನ್ನೊಂದು ಹೊತ್ತಿಗೆ ಇಟ್ಟುಕೊಳ್ಳಬಹುದು. ಮೊಳಕೆ ಕಾಳನ್ನು ಬಿಟ್ಟವರು ಅದೇ ಕಾಳನ್ನು ಮೊಳಕೆ ಬರಿಸದೆ ಬೇಯಿಸಿ ತಿಂದರೂ ಪ್ರೋಟೀನಿಗೆ ಕೊರತೆಯಾಗದು.

ಹೊತ್ತು ಮೀರದಿರಲಿ

ಕಲಬುರಗಿಯಲ್ಲಿ ಜೂನ್ ಕೊನೆಗೆ ಸೂರ್ಯಾಸ್ತ ಸುಮಾರು 7 ಗಂಟೆಗೆ, ನವೆಂಬರ್ ಕೊನೆಗೆ 5.45ರ ಆಸುಪಾಸು. ಸಂಜೆ ಜಿಮ್‌ಗೆ ಹೋಗಿ ರಾತ್ರಿ ಉಣ್ಣುವ ಪಟ್ಟಿ ರಾತ್ರಿಭೋಜನ ತ್ಯಾಗಕ್ಕೆ ಹೊಂದುವುದೇ ಇಲ್ಲ. ವ್ಯಾಯಾಮವನ್ನು ಬೆಳಿಗ್ಗೆಗೆ ಬದಲಿಸಿದರೆ ಈ ತೊಡಕು ತಾನಾಗಿ ಬಿಡುತ್ತದೆ. ಸೂರ್ಯೋದಯದ ನಂತರ, ವ್ಯಾಯಾಮಕ್ಕೆ ಮುಂಚೆ ಬ್ರೆಡ್ ಬದಲು ಭೌಗೋಳಿಕ ಗುರುತು ಪಡೆದ ಕಮಲಾಪುರದ ಕೆಂಪು ಬಾಳೆಹಣ್ಣು ಒಂದು ಸಾಕು. ವ್ಯಾಯಾಮದ ನಂತರ ರೊಟ್ಟಿ, ಬೇಳೆ.

ಇದೇ ಜಿಲ್ಲೆಯ ಮಳಖೇಡ, ಅಂದಿನ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿಯಾಗಿತ್ತು. 9ನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಸಭೆಯಲ್ಲಿ, ಮಾಂಸವಿಲ್ಲದೆ ದೇಹಕ್ಕೆ ಬಲವಿಲ್ಲ ಎಂಬ ವಾದವನ್ನು ಉಗ್ರಾದಿತ್ಯಾಚಾರ್ಯರು ಖಂಡಿಸಿದ್ದರೆಂದು ಅವರ ‘ಕಲ್ಯಾಣಕಾರಕ’ ವೈದ್ಯಗ್ರಂಥದಿಂದ ತಿಳಿಯುತ್ತದೆ. ಬಲ ಬೇಕೆಂದರೆ ಆಚಾರ ಬಿಡಬೇಕೆಂಬ ಮಾತು ಹೊಸದೇನಲ್ಲ. ಜಿಮ್ಮಿನ ಪಟ್ಟಿ ಕೈಗೆ ಬಂದಾಗ ತರಬೇತುದಾರರಿಗೆ ತಮ್ಮ ನಿಯಮಗಳನ್ನು ಮೊದಲೇ ತಿಳಿಸಿದರೆ, ಬ್ರೆಡ್ ಇದ್ದ ಜಾಗದಲ್ಲಿ ಎರಡು ಜೋಳದ ರೊಟ್ಟಿ ಬರೆಸಿಕೊಳ್ಳುವುದು ಕಷ್ಟವಲ್ಲ.