ವಿಷದ ಲೆಕ್ಕದಲ್ಲಿ ದೇಹ ಮತ್ತು ಬದುಕು

ಗಾಳಿ, ನೀರು, ಆಹಾರದ ಮೂಲಕ ಮೈಸೇರುವ ವಿಷ ಯಾರಿಗೆ ಎಷ್ಟು ಹಾನಿ ಮಾಡುತ್ತದೆ ಎಂಬುದನ್ನು ಪರಿಸರ ಆರೋಗ್ಯ ಸಂಶೋಧನೆ ಹುಡುಕುತ್ತದೆ. ಅದರ ಬಹುತೇಕ ಪ್ರಶ್ನಾವಳಿಗಳಲ್ಲಿ ಲಿಂಗಕ್ಕೆ ಮೀಸಲಾಗಿರುವುದು ಒಂದೇ ಸಾಲು: ಗಂಡು ಅಥವಾ ಹೆಣ್ಣು. ಆ ಸಾಲಿನಲ್ಲಿ ಎರಡು ಬೇರೆ ಸಂಗತಿಗಳು ಬೆರೆತುಹೋಗಿವೆ. ಒಂದು ಜೈವಿಕ ಲಿಂಗ, ಅಂದರೆ ವರ್ಣತಂತು, ಹಾರ್ಮೋನು, ದೇಹರಚನೆ. ಇನ್ನೊಂದು ಲಿಂಗತ್ವ, ಅಂದರೆ ಸಮಾಜ ಹಂಚಿಕೊಟ್ಟ ಕೆಲಸ, ಓಡಾಟದ ಸ್ವಾತಂತ್ರ್ಯ, ಹಣದ ಮೇಲಿನ ಹಿಡಿತ ಮತ್ತು ವ್ಯಕ್ತಿ ತನ್ನನ್ನು ತಾನು ಗುರುತಿಸಿಕೊಳ್ಳುವ ಬಗೆ. ಸಾಂಕ್ರಾಮಿಕಶಾಸ್ತ್ರಜ್ಞೆ ನ್ಯಾನ್ಸಿ ಕ್ರೀಗರ್ 2003ರ ಪ್ರಬಂಧವೊಂದರಲ್ಲಿ ಈ ಎರಡನ್ನೂ ಬಿಡಿಸಿ ನೋಡಬೇಕೆಂದು ವಾದಿಸಿದರು. ಕೆಲವು ಕಾಯಿಲೆಗಳಲ್ಲಿ ಒಂದರ ಪಾತ್ರವಿರುತ್ತದೆ, ಕೆಲವುಗಳಲ್ಲಿ ಎರಡರದೂ ಇರುತ್ತದೆ.

ಲಿಂಗತ್ವದ ಪಾತ್ರ ಎದ್ದು ಕಾಣುವುದು ಸೌದೆ ಒಲೆಯ ಹೊಗೆಯಲ್ಲಿ. ಕಿರ್ಕ್ ಸ್ಮಿತ್ ಮತ್ತು ಸಂಗಡಿಗರು ಗುಜರಾತಿನ ಹಳ್ಳಿಗಳಲ್ಲಿ ಅಡುಗೆ ಮಾಡುವ ಹೆಂಗಸರ ಮೈಮೇಲೆಯೇ ಮಾಪಕ ಇಟ್ಟು ಹೊಗೆಯನ್ನು ಅಳೆದು, 1983ರಲ್ಲಿ ಫಲಿತಾಂಶ ಪ್ರಕಟಿಸಿದರು. ಇಂಥ ಮಾಪಕದಲ್ಲಿ ಪುಟ್ಟ ಪಂಪು ಗಾಳಿಯನ್ನು ಎಳೆದುಕೊಳ್ಳುತ್ತದೆ. ಉಸಿರಾಡುವ ಜಾಗಕ್ಕೆ ಹತ್ತಿರವಿರುವ ಸೋಸುಹಾಳೆಯ ಮೇಲೆ ಕಣಗಳು ಕೂರುತ್ತವೆ. ಹಾಳೆಯ ತೂಕ ಎಷ್ಟು ಹೆಚ್ಚಿತು ಎಂಬುದರಿಂದ ಲೆಕ್ಕ ಸಿಗುತ್ತದೆ. ಅಡುಗೆಯ ಹೊತ್ತಿನಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಸರಾಸರಿ ಸುಮಾರು 7 ಮಿಲಿಗ್ರಾಂ ಕಣಗಳು ಕಂಡವು. ಊರಿನ ಬಯಲಲ್ಲಿಟ್ಟ ಮಾಪಕದಿಂದ ಈ ಸಂಗತಿ ಹೊರಬೀಳುತ್ತಿರಲಿಲ್ಲ. ಇಲ್ಲಿ ಹೊಗೆ ಹೆಚ್ಚು ತಗಲುವುದಕ್ಕೆ ಹೆಣ್ಣಿನ ಶ್ವಾಸಕೋಶ ಕಾರಣವಲ್ಲ, ಊದುಗೊಳವೆ ಹಿಡಿದು ಒಲೆಯ ಮುಂದೆ ಕೂರುವ ಕೆಲಸ ಅವಳ ಪಾಲಿಗೆ ಬಂದಿರುವುದು ಕಾರಣ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ.

ಸೀಸದ ವಿಷಯದಲ್ಲಿ ದೇಹದ ಪಾತ್ರ ದೊಡ್ಡದು. ವಯಸ್ಕರ ಮೈಯಲ್ಲಿರುವ ಸೀಸದ ಶೇ 90ಕ್ಕೂ ಹೆಚ್ಚು ಭಾಗ ಮೂಳೆಗಳಲ್ಲಿ ವರ್ಷಗಟ್ಟಲೆ ಉಳಿದಿರುತ್ತದೆ. ಬಸಿರು, ಬಾಣಂತನ ಮತ್ತು ಮುಟ್ಟು ನಿಂತ ನಂತರದ ಕಾಲದಲ್ಲಿ ಮೂಳೆ ಕರಗಿದಾಗ ಅದು ಮತ್ತೆ ರಕ್ತಕ್ಕಿಳಿಯುತ್ತದೆ. ಬಸುರಿಯಿಂದ ಶಿಶುವಿಗೂ ದಾಟುತ್ತದೆ. ಆದ್ದರಿಂದ ರಕ್ತಪರೀಕ್ಷೆಯ ಜತೆಗೆ ಹೆರಿಗೆ, ಹಾಲೂಡಿಕೆ, ಮುಟ್ಟಿನ ವಿವರ ಬರೆದುಕೊಳ್ಳದಿದ್ದರೆ ಆ ಅಂಕಿಯ ಅರ್ಥ ಅರ್ಧವೇ ಸಿಗುತ್ತದೆ.

ಕ್ಯಾಡ್ಮಿಯಂನಲ್ಲಿ ಎರಡೂ ಹೆಣೆದುಕೊಂಡಿವೆ. ಜಪಾನಿನ ಟೊಯಾಮಾ ಪ್ರಾಂತ್ಯದಲ್ಲಿ ಗಣಿಯ ಕ್ಯಾಡ್ಮಿಯಂ ಜಿಂಜು ನದಿಗೆ ಸೇರಿ, ಅದರ ನೀರುಂಡ ಗದ್ದೆಯ ಅಕ್ಕಿಗೂ ಬಂತು. ಮೂಳೆ ಮೆತ್ತಗಾಗಿ ಮುರಿಯುವ ಇಟಾಯ್-ಇಟಾಯ್ ರೋಗಕ್ಕೆ ತುತ್ತಾದವರಲ್ಲಿ ಬಹುಪಾಲು ನಡುವಯಸ್ಸು ದಾಟಿದ, ಹಲವು ಮಕ್ಕಳನ್ನು ಹೆತ್ತ ಹೆಂಗಸರು. 1968ರಲ್ಲಿ ಸರ್ಕಾರ ಅದನ್ನು ಮಾಲಿನ್ಯದ ರೋಗವೆಂದು ಒಪ್ಪಿತು. ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆಯಾದಾಗ ಕರುಳು ಕ್ಯಾಡ್ಮಿಯಂ ಅನ್ನು ಹೆಚ್ಚು ಹೀರಿಕೊಳ್ಳುತ್ತದೆ. ಕಬ್ಬಿಣ ಕಡಿಮೆಯಾಗಲು ಮುಟ್ಟು, ಹೆರಿಗೆ ಒಂದು ಕಾರಣವಾದರೆ, ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ಪದ್ಧತಿ ಮತ್ತೊಂದು. ಭಾರತದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 57ರಷ್ಟು, ಗಂಡಸರಲ್ಲಿ ಶೇ 25ರಷ್ಟು ಮಂದಿಗೆ ರಕ್ತಹೀನತೆ ಇದೆಯೆಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಈ ಅಂತರ ಕೇವಲ ದೇಹದ್ದಲ್ಲ.

ಹಾಗಾದರೆ ಅಳೆಯುವುದು ಹೇಗೆ? ಒಳ್ಳೆಯ ಪ್ರಶ್ನಾವಳಿ ಒಂದು ಗುರುತಿನ ಬದಲು ಹಲವು ಪ್ರಶ್ನೆ ಕೇಳುತ್ತದೆ. ಹುಟ್ಟಿದಾಗ ದಾಖಲಾದ ಲಿಂಗ ಯಾವುದು, ಈಗ ಗುರುತಿಸಿಕೊಳ್ಳುವುದು ಹೇಗೆ ಎಂಬುದು ಮೊದಲ ಜೋಡಿ ಪ್ರಶ್ನೆ. ಕೆನಡಾ 2021ರ ಜನಗಣತಿಯಲ್ಲಿ ಈ ಎರಡನ್ನೂ ಕೇಳಿತು. ಭಾರತದ 2011ರ ಜನಗಣತಿಯ ‘ಇತರೆ’ ಕಾಲಮ್ಮಿನಲ್ಲಿ ಸುಮಾರು 4.88 ಲಕ್ಷ ಜನ ದಾಖಲಾದರು. ಲಿಂಗತ್ವ ಅಲ್ಪಸಂಖ್ಯಾತರ ಸಂಖ್ಯೆ ಸಣ್ಣದೆಂದು ಅವರನ್ನು ಲೆಕ್ಕದಿಂದ ಕೈಬಿಟ್ಟರೆ ಅವರಿಗೆ ತಗಲುವ ವಿಷವೂ ಕಾಣದೆ ಹೋಗುತ್ತದೆ. ಆದರೆ ಕೇಳುವಾಗ ಗುಟ್ಟು ಕಾಯುವುದು ಕಡ್ಡಾಯ. ಮುಂದಿನವು ದೇಹದ ಪ್ರಶ್ನೆಗಳು: ತೂಕ, ಬಸಿರು, ಮುಟ್ಟು, ಹಾರ್ಮೋನು ಚಿಕಿತ್ಸೆ. ಕೊನೆಯವು ಬದುಕಿನ ಪ್ರಶ್ನೆಗಳು: ಒಲೆಯ ಮುಂದೆ ಎಷ್ಟು ಹೊತ್ತು, ಔಷಧಿ ಹೊಡೆಯುವವರು ಯಾರು, ಔಷಧಿ ಹೊಡೆದ ಹೊಲದಲ್ಲಿ ಕಳೆ ಕೀಳುವವರು ಯಾರು, ಔಷಧಿ ತಗುಲಿದ ಬಟ್ಟೆ ಒಗೆಯುವವರು ಯಾರು, ಮನೆಯ ಖರ್ಚನ್ನು ನಿರ್ಧರಿಸುವವರು ಯಾರು.

ಲೆಕ್ಕ ಹಾಕುವಾಗಲೂ ಎಚ್ಚರ ಬೇಕು. ಲಿಂಗದಿಂದಾಗುವ ವ್ಯತ್ಯಾಸವನ್ನು ಗಣಿತದಲ್ಲಿ ಸರಿದೂಗಿಸಿ ಒಂದೇ ಸರಾಸರಿ ಕೊಡುವ ರೂಢಿ ಹಳೆಯದು. ಹಾಗೆ ಮಾಡಿದರೆ ಯಾರಿಗೆ ಹೆಚ್ಚು ಹಾನಿ ಎಂಬುದೇ ಅಳಿಸಿಹೋಗುತ್ತದೆ. ವಿಕಿರಣ ರಕ್ಷಣೆಯಲ್ಲಿ 70 ಕಿಲೋ ತೂಕದ, 20ರಿಂದ 30 ವಯಸ್ಸಿನ ಬಿಳಿಯ ಗಂಡಸನ್ನು ಬಹುಕಾಲ ಮಾದರಿ ಮಾನವನೆಂದು ಇಟ್ಟುಕೊಂಡದ್ದೂ ಇಂಥದೇ ಕೊರತೆ. ಗುಂಪುವಾರು ಫಲಿತಾಂಶವನ್ನು ಬೇರೆಯಾಗಿ ಕೊಡುವುದು ಸರಿಯಾದ ಕ್ರಮ.

ಪರಿಹಾರ ಯಾವುದೆಂಬುದು ಈ ಅಳತೆಯನ್ನು ಅವಲಂಬಿಸಿದೆ. ಕಾರಣ ದೇಹವಾದರೆ ಅಕ್ಕಿ, ನೀರಿನಲ್ಲಿರಬಹುದಾದ ವಿಷದ ಮಿತಿಯನ್ನು ಬಸುರಿಯರನ್ನೂ ರಕ್ತಹೀನರನ್ನೂ ಗಮನದಲ್ಲಿಟ್ಟು ನಿಗದಿ ಮಾಡಬೇಕು. ಕಾರಣ ಕೆಲಸದ ಹಂಚಿಕೆಯಾದರೆ ಹೊಗೆಕೊಳವೆಯ ಅಸ್ತ್ರ ಒಲೆಯಂಥ ಸುಧಾರಿತ ಒಲೆ, ಅಡುಗೆ ಅನಿಲ ಬೇಕು. 2016ರಲ್ಲಿ ಶುರುವಾದ ಉಜ್ವಲಾ ಯೋಜನೆ ಅನಿಲ ಸಂಪರ್ಕವನ್ನು ಹೆಂಗಸರ ಹೆಸರಿನಲ್ಲಿಯೇ ಕೊಟ್ಟಿತು. ಆದರೆ ಮುಂದಿನ ಸಿಲಿಂಡರಿಗೆ ದುಡ್ಡು ಕೊಡುವ ನಿರ್ಧಾರ ಯಾರದೆಂದು ಕೇಳದೆ, ಆ ಮನೆಯಲ್ಲಿ ಹೊಗೆ ನಿಂತಿತೆಂದು ಹೇಳಲಾಗದು.